ಹೊಳೆಯ ನೀರಿಗೆ ಎರಡನೆಯ ಬಳಕೆ



ನಮ್ಮ ಕಕ್ಕಬೆ ಹೊಳೆ ಕಾವೇರಿಗೆ ಸೇರುತ್ತದೆ. ಆ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ಬೆಂಗಳೂರಿಗೆ ಏರಿಸುತ್ತಾರೆ. ಅಷ್ಟಾದರೂ 2024ರ ಬೇಸಿಗೆಯಲ್ಲಿ ಅಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗೆ ಕಾದರು.

ಬಳಸಿದ ನೀರು ಚರಂಡಿಗೆ ಹೋದರೂ ಅದರ ಕಥೆ ಮುಗಿಯಬೇಕಿಲ್ಲ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಅಂತರ್ಜಲ ಮೇಲೇರಿದೆ. ಮೂರನೆಯ ಹಂತವೂ ಬೇಕೆಂದು ಅಲ್ಲಿಯ ರೈತರು ಕೇಳುತ್ತಾರೆ. ಅದು ನ್ಯಾಯವೇ, ಇಂಗಿದ ನೀರು ಅವರ ಬಾವಿಗೇ ತಾನೆ ಬರುವುದು? ಕಟ್ಟಡ, ಉದ್ಯಾನ, ಶೌಚಾಲಯಗಳಿಗೆ ನಗರವೇ ಇದನ್ನು ಬಳಸಿದರೆ ಅಷ್ಟು ಕಾವೇರಿ ಕುಡಿಯಲು ಉಳಿಯುತ್ತದೆ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ನಂತರ ಕೈ ತೊಳೆದ ನೀರು ಈಗ ಬಾಳೆಬುಡಕ್ಕೆ ಹೋಗುತ್ತದೆ. ಕಾಲುವೆ ತೋಡಿದವರು ಏಳನೆಯ ತರಗತಿಯ ಮಕ್ಕಳು.