ಒಂದು ಕಳೆಯುವ ಲೆಕ್ಕದ ಚರಿತ್ರೆ



ಸೋಡಿಯಂನ ಪರಮಾಣು ಸಂಖ್ಯೆ 11, ದ್ರವ್ಯರಾಶಿ ಸಂಖ್ಯೆ 23. ಅಂದಮೇಲೆ ಪ್ರೋಟಾನು 11. ಪರಮಾಣು ತಟಸ್ಥವಾಗಿರುವುದರಿಂದ ಎಲೆಕ್ಟ್ರಾನೂ 11. 23ರಲ್ಲಿ 11 ಕಳೆದರೆ ನ್ಯೂಟ್ರಾನು 12. ಹೈಸ್ಕೂಲು ಮಕ್ಕಳು ಅರೆ ನಿಮಿಷದಲ್ಲಿ ಮುಗಿಸುವ ಲೆಕ್ಕ ಇದು. 1932ಕ್ಕೆ ಮೊದಲು ಇದನ್ನು ಹೀಗೆ ಮಾಡಬಲ್ಲವರು ಯಾರೂ ಇರಲಿಲ್ಲ.

ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆಹಚ್ಚಿದ್ದು 1897ರಲ್ಲಿ. ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಪುಟ್ಟ ನ್ಯೂಕ್ಲಿಯಸ್ ಇದೆ ಎಂದು ಮ್ಯಾಂಚೆಸ್ಟರಿನಿಂದ ರದರ್‌ಫೋರ್ಡ್ ಹೇಳಿದ್ದು 1911ರಲ್ಲಿ. ಸರಿ, ಆ ಧನ ವಿದ್ಯುತ್ತು ಎಷ್ಟು? ಯಾರಿಗೂ ಖಚಿತವಿರಲಿಲ್ಲ. ಮೆಂಡಲೀವ್ 1869ರಲ್ಲಿ ಮಾಡಿದ ಧಾತುಗಳ ಕೋಷ್ಟಕವೂ ಅದನ್ನು ಹೇಳುತ್ತಿರಲಿಲ್ಲ, ಅದು ನಿಂತಿದ್ದು ತೂಕದ ಮೇಲೆ. ಅದರಲ್ಲೂ ಒಂದು ತೊಡಕು: ಗುಣ ನೋಡಿದರೆ ಟೆಲ್ಯುರಿಯಂ ಮೊದಲು, ಅಯೋಡಿನ್ ಆಮೇಲೆ ಬರಬೇಕು, ತೂಕ ನೋಡಿದರೆ ಟೆಲ್ಯುರಿಯಮ್ಮೇ ಹೆಚ್ಚು. ತೂಗಿದವರೇ ತಪ್ಪಿದ್ದಾರೆ ಎಂದುಬಿಟ್ಟರು ಮೆಂಡಲೀವ್. ತೂಗಿದವರದು ತಪ್ಪಿರಲಿಲ್ಲ, ಕ್ರಮ ಹಚ್ಚಬೇಕಾದದ್ದು ತೂಕದಿಂದಲ್ಲ, ಅಷ್ಟೆ.

ಕೋಷ್ಟಕದಲ್ಲಿ ಧಾತುವಿಗೆ ಸಿಗುವ ಕ್ರಮಸಂಖ್ಯೆಯೇ ನ್ಯೂಕ್ಲಿಯಸ್ಸಿನ ವಿದ್ಯುತ್ತಿನ ಲೆಕ್ಕವಿರಬಹುದು ಎಂದು ಮೊದಲು ಸೂಚಿಸಿದವರು ವಾನ್ ಡೆನ್ ಬ್ರೋಕ್. ಡಚ್ಚರು, ಓದಿದ್ದು ಕಾನೂನು. ಹೊರಗಿನವರ ಕಣ್ಣಿಗೆ ಒಳಗಿನದು ಕಾಣುವುದುಂಟು. ಆದರೆ ಊಹೆಗೆ ಸಾಕ್ಷಿ ಬೇಕಲ್ಲ?

ಅದನ್ನು ಒದಗಿಸಿದವರು ಹೆನ್ರಿ ಮೋಸ್ಲಿ. 1913ರಲ್ಲಿ ಅವರಿಗೆ 25 ವರ್ಷ. ಗಾಳಿ ತೆಗೆದ ಕೊಳವೆಯೊಳಗೆ ಹಳಿ ಹಾಕಿ, ಅದರ ಮೇಲೊಂದು ಪುಟಾಣಿ ಬಂಡಿ ಇಟ್ಟರು. ಬಂಡಿಯಲ್ಲಿ ಸಾಲಾಗಿ ಬೇರೆ ಬೇರೆ ಲೋಹಗಳ ತುಂಡು. ಮೀನು ಹಿಡಿಯುವ ರೇಷ್ಮೆ ದಾರವನ್ನು ಹಿತ್ತಾಳೆ ಉರುಳೆಗೆ ಸುತ್ತಿ ಬಂಡಿಯನ್ನು ಎಳೆದರೆ, ಒಂದೊಂದೇ ಲೋಹ ಎಲೆಕ್ಟ್ರಾನುಗಳ ಹೊಡೆತಕ್ಕೆ ಎದುರಾಗಿ ತನ್ನದೇ ಕ್ಷ-ಕಿರಣ ಸೂಸುತ್ತಿತ್ತು. ಫೋಟೋ ಫಲಕಕ್ಕೆ ಐದು ನಿಮಿಷ ಸಾಕಾಗುತ್ತಿತ್ತು. ಆ ಕಿರಣಗಳ ಕಂಪನಾಂಕದ ವರ್ಗಮೂಲ ತೆಗೆದು ನೋಡಿದರೆ, ಕ್ಯಾಲ್ಸಿಯಮ್ಮಿನಿಂದ ಸತುವಿನವರೆಗೆ ಒಂದೊಂದು ಧಾತುವಿಗೂ ಒಂದೇ ಅಳತೆಯ ಏರಿಕೆ! ತೂಕದಲ್ಲಿ ನಿಕ್ಕಲ್‌ಗಿಂತ ಹೆಚ್ಚಿದ್ದ ಕೋಬಾಲ್ಟ್ ತಾನಾಗಿ 27ಕ್ಕೆ ಬಂತು, ನಿಕ್ಕಲ್ 28ಕ್ಕೆ. ಮರುವರ್ಷ ಪಟ್ಟಿ ಚಿನ್ನದವರೆಗೆ ಬೆಳೆದಾಗ 43, 61, 75ರ ಜಾಗ ಖಾಲಿ ಉಳಿಯಿತು. ಆ ಮೂರೂ ಆಮೇಲೆ ಸಿಕ್ಕವು. ನನ್ನನ್ನು ಕೇಳಿದರೆ, ಕೋಷ್ಟಕದ ಅರ್ಧ ಕೀರ್ತಿ ಈ ಹುಡುಗನದು. ಮಹಾಯುದ್ಧಕ್ಕೆ ತಾವಾಗಿ ಸೇರಿದ ಮೋಸ್ಲಿ, 1915ರ ಆಗಸ್ಟ್ 10ರಂದು ಗ್ಯಾಲಿಪೊಲಿಯಲ್ಲಿ ಗುಂಡಿಗೆ ಬಲಿಯಾದರು.

ಉಳಿದದ್ದು ತೂಕದ ಒಗಟು. ನೈಟ್ರೋಜನ್ನಿನ ಸಂಖ್ಯೆ 7, ತೂಕ ಮಾತ್ರ 14. ನ್ಯೂಕ್ಲಿಯಸ್ಸಿನೊಳಗೆ 14 ಪ್ರೋಟಾನು, ಜೊತೆಗೆ 7 ಎಲೆಕ್ಟ್ರಾನು ಅಡಗಿವೆ ಎಂದು ಆಗಿನವರು ಹೊಂದಿಸಿಕೊಂಡಿದ್ದರು. ಪ್ರಯೋಗಗಳು ಅದಕ್ಕೆ ಒಪ್ಪಲಿಲ್ಲ. ಕೊನೆಗೆ 1932ರಲ್ಲಿ ಚಾಡ್ವಿಕ್, ಬೆರಿಲಿಯಮ್ಮಿನಿಂದ ಹೊರಟು ಮೇಣದೊಳಗಿನ ಪ್ರೋಟಾನುಗಳನ್ನು ಹೊರಗಟ್ಟುವ ವಿಚಿತ್ರ ಕಿರಣವನ್ನು ಅಳೆದು, ಅದು ವಿದ್ಯುತ್ತಿಲ್ಲದ, ಹೆಚ್ಚುಕಡಿಮೆ ಪ್ರೋಟಾನಿನಷ್ಟೇ ತೂಕದ ಕಣ ಎಂದು ತೋರಿಸಿದರು. ಅದೇ ನ್ಯೂಟ್ರಾನ್. ಮೂರು ವರ್ಷಕ್ಕೆ ನೊಬೆಲ್ ಬಂತು.

ವಿದ್ಯಾರ್ಥಿಗಳಿಗೆ ಒಂದು ಮಾತು. ಕ್ಲೋರಿನ್ನಿನ ಪರಮಾಣು ತೂಕ 35.5 ಎಂದು ನೋಡಿ, ಅದರಲ್ಲಿ 17 ಕಳೆದು ಹದಿನೆಂಟೂವರೆ ನ್ಯೂಟ್ರಾನು ಎಂದು ಬರೆಯಬೇಡಿ. ಅದು 35 ಮತ್ತು 37ರ ಎರಡು ಬಗೆಯ ಕ್ಲೋರಿನ್ ಬೆರೆತ ಸರಾಸರಿ. ಒಂದರಲ್ಲಿ ನ್ಯೂಟ್ರಾನು 18, ಇನ್ನೊಂದರಲ್ಲಿ 20. ಕಳೆಯುವ ಮೊದಲು ಯಾವ ಪರಮಾಣು ಎಂದು ಕೇಳಿಕೊಳ್ಳಿ.