ಹಿತ್ತಲಿಗೊಂದು ಹೊಗೆರಹಿತ ಮಣ್ಣಿನ ಒಲೆ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಸ್ನಾನದ ನೀರು ಕಾಯಿಸುವುದು, ದನಗಳಿಗೆ ಹುರುಳಿ ಬೇಯಿಸುವುದು ಎಷ್ಟೋ ಕಡೆ ಹಿತ್ತಲ ಒಲೆಯಲ್ಲೇ. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ. ಹೊಗೆಯೆಲ್ಲ ಊದುವವರ ಕಣ್ಣಿಗೆ, ಎದೆಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮೂರು ಪಾತ್ರೆಯ 'ಅಸ್ತ್ರ ಒಲೆ'ಯನ್ನು ರೂಪಿಸಿತು. 1980ರ ದಶಕದಲ್ಲಿ ಇಂಥ ಸುಧಾರಿತ ಒಲೆಗಳು ಹಳ್ಳಿಗಳಿಗೆ ಬಂದವು. ಆದರೆ ಹಲವು ಮನೆಗಳಲ್ಲಿ ಕಣ್ಣಿಗೆ ಪಾತ್ರೆ ಹೊಂದಲಿಲ್ಲ, ದಪ್ಪ ಸೌದೆಗಾಗಿ ಬಾಯಿ ಒಡೆದರು, ಕೊಳವೆಯಲ್ಲಿ ಮಸಿ ಕಟ್ಟಿತು, ಒಲೆ ಮೂಲೆಗುಂಪಾಯಿತು. ಈ ಮೂರನ್ನೂ ನೋಡಿಕೊಂಡರೆ ಒಲೆ ಬಾಳುತ್ತದೆ. ಹಿತ್ತಲಿಗೆ ಎರಡು ಕಣ್ಣಿನ ಒಲೆ ಸಾಕು. ಅದನ್ನು ಕಟ್ಟುವ ಕ್ರಮ ಹೀಗಿದೆ.

ಮಣ್ಣಿನ ಹದ: ಜಿಗುಟಾದ ಕೆಂಪು ಮಣ್ಣು ಎರಡು ಬುಟ್ಟಿ, ಮರಳು ಒಂದು ಬುಟ್ಟಿ, ಭತ್ತದ ಹೊಟ್ಟು ಅರ್ಧ ಬುಟ್ಟಿ, ಸ್ವಲ್ಪ ಸಗಣಿ ಸೇರಿಸಿ ನೆನೆಹಾಕಿ. ಎರಡು ದಿನ ಬಿಟ್ಟು ಚೆನ್ನಾಗಿ ತುಳಿಯಿರಿ. ಒಂದು ಉಂಡೆ ಮಾಡಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳು ಸೇರಿಸಿ. ಪುಡಿಯಾದರೆ ಜಿಗುಟು ಮಣ್ಣು ಸೇರಿಸಿ.

ಕಟ್ಟುವ ಕ್ರಮ: ಬಣವೆ, ಕೊಟ್ಟಿಗೆಗಳಿಂದ ದೂರವಾಗಿ, ಮಳೆ ತಾಗದ ಹೆಂಚಿನ ಮಾಡಿನ ಕೆಳಗೆ ಜಾಗ ಆರಿಸಿ. ಗೋಡೆ ನಾಲ್ಕು ಅಂಗುಲ ದಪ್ಪವಿರಲಿ. ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ಏರಿಸಬೇಡಿ, ಹಸಿ ಗೋಡೆ ಕುಸಿಯುತ್ತದೆ. ಸೌದೆ ಉರಿಯುವಲ್ಲಿ ಕಬ್ಬಿಣದ ಜಾಲರಿ ಇಟ್ಟು, ಕೆಳಗೆ ಗಾಳಿ ಬರಲು, ಬೂದಿ ತೆಗೆಯಲು ಜಾಗ ಬಿಡಿ. ಮುಂದಿನ ಕಣ್ಣಿನಿಂದ ಹಿಂದಿನ ಕೋಡೊಲೆಗೂ, ಅಲ್ಲಿಂದ ಕೊಳವೆಗೂ ದಾರಿ ಬೇಕು. ಅದಕ್ಕೆ ಬಾಳೆದಿಂಡು ಹುದುಗಿಸಿ ಕಟ್ಟಿ, ಮಣ್ಣು ಬಿಗಿದ ಮೇಲೆ ಎಳೆದು ತೆಗೆಯಿರಿ. ಮಣ್ಣು ಹಸಿಯಿರುವಾಗಲೇ ನೀವು ದಿನಾ ಬಳಸುವ ಪಾತ್ರೆಗಳನ್ನೇ ಒದ್ದೆ ಮಾಡಿ ಕಣ್ಣಿನಲ್ಲಿಟ್ಟು ತಿರುಗಿಸಿ. ಆಗ ಸಂದಿಲ್ಲದೆ ಕೂರುತ್ತವೆ.

ಹೊಗೆಕೊಳವೆ: ಸುಟ್ಟ ಮಣ್ಣಿನ ಕೊಳವೆ ಉತ್ತಮ. ಆಸ್ಬೆಸ್ಟಾಸ್ ಕೊಳವೆ ಬೇಡ; ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ. ಕೊಳವೆ ಮಾಡಿನಿಂದ ಎರಡು ಅಡಿ ಮೇಲಿರಲಿ. ತುದಿಗೆ ಮಳೆ ತಡೆಯುವ ಟೋಪಿ ಹಾಕಿ.

ಹದಿನೈದು ದಿನ ನೆರಳಿನಲ್ಲಿ ಒಣಗಿದ ಮೇಲೆ ಮೊದಲು ಸಣ್ಣ ಉರಿ ಹಾಕಿ. ಬಿರುಕುಗಳಿಗೆ ಅದೇ ಮಣ್ಣು ಮೆತ್ತಿ. ಎರಡು ಕಣ್ಣಿನ ಮೇಲೂ ಪಾತ್ರೆಯಿರಲಿ. ಒಂದು ತೆರೆದಿದ್ದರೆ ಹೊಗೆ ಅಲ್ಲಿಂದಲೇ ಬರುತ್ತದೆ.

ಪಾಲನೆ: ಸೌದೆಯನ್ನು ಸಣ್ಣಗೆ ಸೀಳಿ, ಒಣಗಿಸಿ ಬಳಸಿ. ಬೂದಿಯನ್ನು ದಿನಾ ತೆಗೆಯಿರಿ. ಕೊಳವೆಯ ಮಸಿಯನ್ನು ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ತೆಗೆಯಿರಿ. ಇದು ಗಂಡಸರ ಕೆಲಸವೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ. ಒಲೆಯ ಮುಂದೆ ಕೂರುವವರೊಬ್ಬರೇ ಅದರ ಹೊಣೆ ಹೊರಬೇಕಿಲ್ಲ.