ಹಿತ್ತಲಿಗೆ ಯಾವ ಮರ?



ಚನ್ನಪಟ್ಟಣದ ಸೀಮೆಯಲ್ಲಿ ಹಿತ್ತಲೆಂದೊಡನೆ ನೆನಪಾಗುವುದು ಮಾವು. ಓಟೆಯನ್ನು ನೆಟ್ಟವರು ವರ್ಷಗಟ್ಟಲೆ ಕಾದು, ಕಡೆಗೆ ಬರಿಯ ಹುಳಿನಾರನ್ನು ಉಣ್ಣಬೇಕಾದೀತು. ತಾಯಿಮರದ ಗುಣವು ಬಂದೇ ಬರುವುದೆಂಬ ಭರವಸೆಯಿಲ್ಲ. ಆದಕಾರಣ ಕಸಿಗಿಡವನ್ನೇ ತರತಕ್ಕದ್ದು. ಬಾದಾಮಿಯು ರುಚಿಗೆ ಅರಸು. ಆದರೆ ಒಂದು ವರ್ಷ ಫಲವಿತ್ತು ಮರುವರ್ಷ ವಿಶ್ರಮಿಸುವ ಸ್ವಭಾವದ್ದು. ಒಂದೇ ಮರಕ್ಕೆ, ಅಂದರೆ ಸುಮಾರು 30 ಅಡಿಗೆ, ಎಡೆಯುಳ್ಳವರಿಗೆ ನಾವು ತೋತಾಪುರಿಯನ್ನೇ ಹೇಳುವೆವು. ರಸಿಕರು ಮುನಿಯಬಹುದು, ಆದರೆ ಅದು ಬಹುಮಟ್ಟಿಗೆ ವರ್ಷವರ್ಷವೂ ಕಾಯುವುದು, ಉಪ್ಪಿನಕಾಯಿಗೂ ಒದಗುವುದು.

ಬಚ್ಚಲ ನೀರು ಹರಿಯುವಲ್ಲಿ ತೆಂಗನ್ನಿಡಿರಿ. ನೀರು ನಿಲ್ಲುವೆಡೆ ಹಲಸು ಬಾಳದು. ಕೆಂಪು ಜರುಗುನೆಲಕ್ಕೆ ಗೋಡಂಬಿಯಾದೀತು.

ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲಿರಲಿ. ಗಂಟಿನ ಕೆಳಗೊಡೆದ ಚಿಗುರನ್ನು ಆಗಾಗ ಚಿವುಟಿರಿ; ಬಿಟ್ಟರೆ ಬುಡದ ಕಾಟುಗಿಡವೇ ಬೆಳೆದು, ನೀವು ಹಣಕೊಟ್ಟು ತಂದ ತಳಿಯನ್ನು ಅಡಗಿಸಿಬಿಡುವುದು.